ಮೊದಲು ತಾರೀಖು, ಆಮೇಲೆ ತಕರಾರು

ಈ ಸಲದ ಪತ್ರಗಳ ಕಟ್ಟು ಬಿಚ್ಚಿ ಓದಿದ ನಮ್ಮ ಗುಮಾಸ್ತರು ತಲೆ ಕೊಡವಿದರು: "ಎಲ್ಲರೂ ಕೇಸು ಗೆಲ್ಲುವುದು ಹೇಗೆ ಎಂದು ಕೇಳಿದ್ದಾರೆ ಮೇಡಂ, ತಾರೀಖು ಬರೆದವರು ಒಬ್ಬರೇ." ಅವರ ದೂರು ನ್ಯಾಯವಾದದ್ದೇ. ಇಬ್ಬರು ವಕೀಲರು, ಒಬ್ಬ ಗುಮಾಸ್ತರು, ಕಕ್ಷಿದಾರರು ಕೂರಲು ಒಂದು ಉದ್ದನೆಯ ಬೆಂಚು: ಇಷ್ಟೇ ನಮ್ಮ ಕಚೇರಿ. ಇಲ್ಲಿ ಇಪ್ಪತ್ತಾರು ವರ್ಷ ಕಳೆದಿದ್ದೇನೆ. ನ್ಯಾಯಾಲಯದಲ್ಲಿ ಎದ್ದು ನಿಂತು ವಾದಿಸುವ ಗಳಿಗೆ ದಿನಕ್ಕೆ ಅರ್ಧ ಗಂಟೆ ಸಿಕ್ಕರೆ ಅದೇ ದೊಡ್ಡದು. ಉಳಿದ ಹೊತ್ತೆಲ್ಲ ಕಾಗದ ಓದುವುದು, ದಿನ ಎಣಿಸುವುದು, "ಇದಕ್ಕೆ ಸಹಿ ಹಾಕಬೇಡಿ" ಎನ್ನುವುದು. ಗುಟ್ಟು ಕಾಯಬೇಕಾದ ಕಡೆ ಊರು, ಸಂಬಂಧ, ಮೊತ್ತಗಳನ್ನು ಬದಲಾಯಿಸಿದ್ದೇನೆ.

ನನಗೆ 58 ವರ್ಷ. 1988ರಲ್ಲಿ ಮದುವೆಯಾಯಿತು. ತಂದೆ 2011ರಲ್ಲಿ ತೀರಿಕೊಂಡರು, ಉಯಿಲು ಬರೆದಿಲ್ಲ. ಅಜ್ಜನ ಕಾಲದಿಂದ ಬಂದ ನಾಲ್ಕು ಎಕರೆ ಜಮೀನಿದೆ. ತಮ್ಮ ಒಂದು ಕಾಗದ ತಂದು "ಪೌತಿ ಖಾತೆಗೆ ಅಷ್ಟೇ, ಸಹಿ ಹಾಕು ಅಕ್ಕಾ" ಎನ್ನುತ್ತಿದ್ದಾನೆ. ಹಾಕಲೇ? ಹಾಕದಿದ್ದರೆ ತವರಿನ ಬಾಗಿಲು ಮುಚ್ಚೀತೆಂಬ ಭಯ.
— ಹೆಸರು ಬೇಡ ಎಂದವರು

ಆ ಕಾಗದದ ತಲೆಬರಹವನ್ನು ಮೊದಲು ಓದಿ. ಓದಲು ಕೊಡುವುದಿಲ್ಲ ಎಂದರೆ ಅಲ್ಲಿಗೇ ಉತ್ತರ ಸಿಕ್ಕಿತು.

ಪೌತಿ ಖಾತೆ ಎಂದರೆ ತೀರಿಕೊಂಡವರ ಹೆಸರು ತೆಗೆದು ವಾರಸುದಾರರ ಹೆಸರು ಸೇರಿಸುವುದು. ಅದಕ್ಕೆ ಮರಣ ಪ್ರಮಾಣಪತ್ರ ಬೇಕು, ವಂಶವೃಕ್ಷ ಬೇಕು. ವಂಶವೃಕ್ಷದಲ್ಲಿ ನೀವೂ ಇರಬೇಕು, ಖಾತೆ ಎಲ್ಲರ ಹೆಸರಿಗೆ ಜಂಟಿಯಾಗಿ ಬರಬೇಕು. ಅಕ್ಕ ತನ್ನ ಹಕ್ಕು ಬಿಟ್ಟುಕೊಟ್ಟರೆ ಮಾತ್ರ ಪೌತಿ ಖಾತೆ ಆಗುತ್ತದೆ ಎಂಬ ನಿಯಮ ಎಲ್ಲಿಯೂ ಇಲ್ಲ. ಕಾಗದದಲ್ಲಿ "ಹಕ್ಕು ಬಿಡುಗಡೆ", "ಹಕ್ಕು ಖುಲಾಸೆ", "ನನ್ನದಾಗಲಿ ನನ್ನ ಮಕ್ಕಳದಾಗಲಿ ಯಾವ ತಕರಾರೂ ಇಲ್ಲ" ಎಂಬ ಸಾಲುಗಳಿದ್ದರೆ ಅದು ಖಾತೆಯ ಅರ್ಜಿಯಲ್ಲ, ನಿಮ್ಮ ಪಾಲಿನ ಬೀಳ್ಕೊಡುಗೆ.

ನಿಮಗೆ ಪಾಲು ಇದೆಯೇ ಎಂಬುದು ಮುಂದಿನ ಮಾತು. ಇದೆ. ನಮ್ಮ ರಾಜ್ಯ ಕೇಂದ್ರಕ್ಕಿಂತ ಮೊದಲೇ, 1994ರ ಜುಲೈ 30ರಿಂದ, ಹೆಣ್ಣುಮಕ್ಕಳಿಗೆ ಒಟ್ಟು ಕುಟುಂಬದ ಆಸ್ತಿಯಲ್ಲಿ ಸಮಪಾಲು ಕೊಟ್ಟಿತು. ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. ನಿಮ್ಮ ಮದುವೆ 1988ರದ್ದು. ಬಹುಶಃ ಆಗ ಯಾರೋ ಹೇಳಿದ "ನಿನಗೆ ಬರುವುದಿಲ್ಲ" ಎಂಬ ಮಾತು ಇಂದಿಗೂ ನಿಮ್ಮ ಮನೆಯಲ್ಲಿ ಓಡಾಡುತ್ತಿದೆ. ಅದು ಹಳತಾಯಿತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಲ್ಲಿ ಮದುವೆಯಾದವರು, ಆಗದವರು ಎಂಬ ಭೇದವಿಲ್ಲ. ಆ ದಿನ ತಂದೆ ಬದುಕಿರಬೇಕಿತ್ತೇ ಎಂಬ ಜಗ್ಗಾಟವನ್ನೂ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಮುಗಿಸಿತು: ಬದುಕಿರಬೇಕಾಗಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬರುವುದು. ನಿಮ್ಮ ತಂದೆ ಹೇಗೂ 2011ರವರೆಗೆ ಇದ್ದರು. ಅಜ್ಜನಿಂದ ಬಂದ ಜಮೀನು ತಂದೆಯ ಸ್ವಂತದ್ದಾಗಿ ಬಿಟ್ಟಿತ್ತು ಎಂದು ತಮ್ಮನ ವಕೀಲರು ವಾದಿಸಬಹುದು. ವಾದಿಸಲಿ. ಉಯಿಲು ಇಲ್ಲದಿದ್ದ ಮೇಲೆ ಆಗಲೂ ಮಗ, ಮಗಳು, ಪತ್ನಿ ಒಂದೇ ಸಾಲಿನ ವಾರಸುದಾರರು. ತಮ್ಮನಿಗೆ ಎಷ್ಟೋ ನಿಮಗೂ ಅಷ್ಟೇ.

ಒಂದು ಅಡ್ಡಿ ಮಾತ್ರ ಇರಬಹುದು. 2004ರ ಡಿಸೆಂಬರ್ 20ಕ್ಕಿಂತ ಮುಂಚೆ ನೋಂದಾಯಿತ ಪತ್ರದ ಮೂಲಕವೋ ಕೋರ್ಟಿನ ಡಿಕ್ರಿಯ ಮೂಲಕವೋ ವಿಭಾಗ ಆಗಿದ್ದರೆ ಅದನ್ನು ಈ ಕಾನೂನು ಮುಟ್ಟುವುದಿಲ್ಲ. ಋಣಭಾರ ಪ್ರಮಾಣಪತ್ರ ತೆಗೆಸಿದರೆ ನೋಂದಾಯಿತ ವಿಭಾಗವಿದ್ದರೆ ಅದು ತಿಳಿಯುತ್ತದೆ.

ನಿಮ್ಮ ಭಯದ ಬಗ್ಗೆ ಕಾನೂನಿನ ಪುಸ್ತಕದಲ್ಲಿ ಏನೂ ಬರೆದಿಲ್ಲ, ಆದ್ದರಿಂದ ನಾನು ಕಂಡದ್ದನ್ನು ಹೇಳುತ್ತೇನೆ. ನಿಮ್ಮಂಥವರೇ ಒಬ್ಬರು ತಮ್ಮನ ಜೊತೆ ಬಂದಿದ್ದರು. ಬೆಂಚಿನ ಆ ತುದಿಗೆ ಅಕ್ಕ, ಈ ತುದಿಗೆ ತಮ್ಮ, ನಡುವೆ ಇಬ್ಬರ ಚೀಲಗಳು. ಮೇಜಿನ ಮೇಲೆ ಪಹಣಿ ಹರಡಿದೆ. ಆಕೆ ಎದ್ದು ಬಂದು ಒಂಬತ್ತನೆಯ ಕಾಲಂ ಮೇಲೆ ಬೆರಳಿಟ್ಟು, "ಇಲ್ಲಿ ಅಪ್ಪನ ಹೆಸರಿದೆ. ನನ್ನದು ಬರೆದರೆ ಜಾಗ ಸಾಲುವುದಿಲ್ಲವೇ?" ಎಂದು ಕೇಳಿದರು. ತಮ್ಮ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತ. ಎರಡು ತಿಂಗಳ ಮಾತುಕತೆಯ ನಂತರ ವಿಭಾಗ ಪತ್ರ ಬರೆದೆವು. ಆಕೆ ಬಾವಿಯ ಪಕ್ಕದ ಅರ್ಧ ಎಕರೆ ಇಟ್ಟುಕೊಂಡು ಉಳಿದದ್ದನ್ನು ತಮ್ಮನಿಗೇ ಬಿಟ್ಟರು, ಉಪನೋಂದಣಾಧಿಕಾರಿಯ ಮುಂದೆ, ಒಂದೊಂದು ಪುಟವನ್ನೂ ಓದಿಸಿಕೊಂಡು. ಬಿಟ್ಟುಕೊಡುವುದೂ ನಿಮ್ಮ ಹಕ್ಕೇ. ತಿಳಿದು ಬಿಟ್ಟುಕೊಟ್ಟರೆ ನನ್ನ ಆಕ್ಷೇಪವಿಲ್ಲ. ತಮ್ಮನನ್ನೂ ಕರೆದುಕೊಂಡು ನಿಮ್ಮ ಹತ್ತಿರದ ವಕೀಲರ ಬಳಿ ಹೋಗಿ. ನೋಟಿಸ್ ಕಳಿಸುವುದಕ್ಕಿಂತ ಅಗ್ಗ.

ಅಂದಹಾಗೆ, ಖಾತೆ ಆಗಲೇ ತಮ್ಮನೊಬ್ಬನ ಹೆಸರಿಗೆ ಆಗಿಹೋಗಿದ್ದರೂ ಎದೆಗುಂದಬೇಡಿ. ಖಾತೆ ಕಂದಾಯ ಯಾರಿಂದ ವಸೂಲಿ ಮಾಡಬೇಕೆಂಬ ಲೆಕ್ಕ. ಅದರಿಂದ ಒಡೆತನ ಹುಟ್ಟುವುದೂ ಇಲ್ಲ, ಹೋಗುವುದೂ ಇಲ್ಲ.

ಸ್ನೇಹಿತನಿಗೆ ಒಂದೂವರೆ ಲಕ್ಷ ರೂಪಾಯಿ ಸಾಲ ಕೊಟ್ಟಿದ್ದೆ, ಬ್ಯಾಂಕ್ ಮೂಲಕ. ಅವನು ಜನವರಿ 10ರ ತಾರೀಖಿನ ಚೆಕ್ ಕೊಟ್ಟ. ಖಾತೆಯಲ್ಲಿ ಹಣವಿಲ್ಲವೆಂದು ಜನವರಿ 20ರಂದು ಬ್ಯಾಂಕಿನವರು ಚೀಟಿ ಸಮೇತ ಹಿಂದಿರುಗಿಸಿದರು. "ಸ್ವಲ್ಪ ತಡೆ, ಕೊಡುತ್ತೇನೆ" ಎಂದ. ಈಗ ಫೋನ್ ಎತ್ತುತ್ತಿಲ್ಲ. ಇವತ್ತು ಮಾರ್ಚ್ 2. ಏನು ಮಾಡಲಿ?
— ಮೋಸಹೋದ ಮೇಷ್ಟ್ರು

ತಾರೀಖು ಬರೆದ ಒಬ್ಬರೇ ಓದುಗರು ಇವರು. ಗುಮಾಸ್ತರು ಇವರ ಪತ್ರವನ್ನು ಎಲ್ಲದಕ್ಕಿಂತ ಮೇಲಿಟ್ಟಿದ್ದರು. ಪತ್ರಿಕೆ ಅಚ್ಚಾಗುವವರೆಗೆ ಕಾಯುವ ವಿಷಯ ಇದಲ್ಲವಾದ್ದರಿಂದ ಅವರಿಗೆ ಅಂದೇ ಉತ್ತರ ಹೋಗಿದೆ. ಉಳಿದವರಿಗಾಗಿ ಮತ್ತೆ ಬರೆಯುತ್ತಿದ್ದೇನೆ.

ಚೆಕ್ ಅಮಾನ್ಯವಾದಾಗ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೆಯ ಕಲಮು ನಿಮ್ಮ ಕೈಗೆ ಒಂದು ಗಟ್ಟಿ ಕೋಲು ಕೊಡುತ್ತದೆ: ಎರಡು ವರ್ಷದವರೆಗೆ ಸೆರೆ, ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ. ಆದರೆ ಕೋಲು ಹಿಡಿಯಲು ಮೂರು ಗಡುವುಗಳಿವೆ. ಬ್ಯಾಂಕಿನ ಚೀಟಿ ಕೈಗೆ ಬಂದ 30 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. ನೋಟಿಸ್ ತಲುಪಿದ ಮೇಲೆ ಹಣ ಕೊಡಲು ಅವನಿಗೆ 15 ದಿನ. ಅದು ದಾಟಿದ ಒಂದು ತಿಂಗಳೊಳಗೆ ನ್ಯಾಯಾಲಯದಲ್ಲಿ ದೂರು.

ಮೇಷ್ಟ್ರ ಮೊದಲ ಗಡುವು ಫೆಬ್ರವರಿ 19ಕ್ಕೆ ಮುಗಿದಿತ್ತು. ನಲವತ್ತೊಂದು ದಿನ ಅವರು ಸ್ನೇಹಧರ್ಮ ಪಾಲಿಸಿದರು, ಸ್ನೇಹಿತ ಕ್ಯಾಲೆಂಡರ್ ನೋಡುತ್ತಿದ್ದ. "ಸ್ವಲ್ಪ ತಡೆ" ಎನ್ನುವವರೆಲ್ಲ ಕಾನೂನು ಓದಿದವರು ಎಂದು ನಾನು ಹೇಳುವುದಿಲ್ಲ, ಆದರೆ ಆ ಮಾತು ಎಷ್ಟು ಸರಿಯಾಗಿ ಮೂವತ್ತು ದಿನ ಬಾಳುತ್ತದೆ ಎಂಬುದು ನನಗೆ ಈಗಲೂ ಸೋಜಿಗ.

ಅದೃಷ್ಟಕ್ಕೆ ಚೆಕ್ಕಿಗೆ ಅದರ ಮೇಲಿನ ತಾರೀಖಿನಿಂದ ಮೂರು ತಿಂಗಳ ಆಯುಸ್ಸಿರುತ್ತದೆ. ಅಷ್ಟರೊಳಗೆ ಅದನ್ನು ಮತ್ತೆ ಬ್ಯಾಂಕಿಗೆ ಹಾಕಬಹುದು. ಮತ್ತೆ ಅಮಾನ್ಯವಾದರೆ ಹೊಸ ಚೀಟಿ, ಹೊಸ 30 ದಿನ. ಮೊದಲ ಸಲ ನೋಟಿಸ್ ಕೊಡದೆ ಬಿಟ್ಟದ್ದು ಇದಕ್ಕೆ ಅಡ್ಡಬಾರದೆಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ಆದ್ದರಿಂದ "ನಾಳೆಯೇ ಚೆಕ್ ಹಾಕಿ" ಎಂದೆವು. ಚೀಟಿ ಮಾರ್ಚ್ 12ಕ್ಕೆ ಬಂತು ಎಂದಿಟ್ಟುಕೊಳ್ಳಿ. ನೋಟಿಸಿಗೆ ಏಪ್ರಿಲ್ 11ರವರೆಗೆ ಅವಕಾಶ. ನೋಟಿಸ್ ಮಾರ್ಚ್ 20ಕ್ಕೆ ಅವನ ಕೈಸೇರಿದರೆ ಏಪ್ರಿಲ್ 4ರವರೆಗೆ ಅವನ ದಿನಗಳು. ಮೇ 5ರೊಳಗೆ ನಿಮ್ಮ ದೂರು. ನಮ್ಮ ಗುಮಾಸ್ತರು ಇಂಥ ಕಡತದ ರಟ್ಟಿನ ಮೇಲೆ ಕೊನೆಯ ದಿನವನ್ನು ಬರೆಯುವುದೇ ಇಲ್ಲ. ಒಂದು ವಾರ ಮೊದಲಿನ ತಾರೀಖನ್ನು ಕೆಂಪು ಶಾಯಿಯಲ್ಲಿ ಬರೆದು ನನಗೂ ಅದೇ ಕೊನೆಯ ದಿನವೆಂದು ನಂಬಿಸುತ್ತಾರೆ. ನಾನು ನಂಬುತ್ತೇನೆ.

ಚೆಕ್ಕಿನ ಆಯುಸ್ಸೂ ಮುಗಿದವರು ಏನು ಮಾಡಬೇಕು? ಸಾಲ ವಸೂಲಿಗೆ ಸಿವಿಲ್ ದಾವೆ ಇದ್ದೇ ಇದೆ, ಸಾಮಾನ್ಯವಾಗಿ ಮೂರು ವರ್ಷದ ಮಿತಿ. ಕೋಲು ಚಿಕ್ಕದು, ದಾರಿ ಉದ್ದ.

ಉಯಿಲನ್ನು ಛಾಪಾ ಕಾಗದದ ಮೇಲೆಯೇ ಬರೆಯಬೇಕೇ? ನೋಂದಣಿ ಕಡ್ಡಾಯವೇ?
— ನಿವೃತ್ತ ಅಂಚೆ ನೌಕರರು

ಎರಡೂ ಬೇಡ. ಬಿಳಿ ಹಾಳೆ ಸಾಕು, ನಿಮ್ಮ ಕೈಬರಹವೇ ಸಾಕು. ನಿಮ್ಮ ಸಹಿ ಮತ್ತು ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕೇ ಬೇಕು. ನೀವು ಸಹಿ ಹಾಕುವುದನ್ನು ಅವರು ಕಂಡಿರಬೇಕು, ಇಲ್ಲವೇ "ಈ ಸಹಿ ನನ್ನದೇ" ಎಂದು ನೀವು ಅವರಿಗೆ ಹೇಳಿರಬೇಕು. ಅವರು ನಿಮ್ಮ ಎದುರಿಗೆ ಸಹಿ ಹಾಕಬೇಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು: ಪತ್ರ ಕಳೆದುಹೋದರೂ ದಾಖಲೆ ಉಳಿಯುತ್ತದೆ.

ಇಷ್ಟು ಎಲ್ಲರಿಗೂ ಗೊತ್ತಿರುತ್ತದೆ. ಯಾರೂ ಯೋಚಿಸದ ಒಂದು ವಿಷಯವಿದೆ. ಎಂಬತ್ತೊಂದರ ಹಿರಿಯರೊಬ್ಬರು ತಮ್ಮ ಇಬ್ಬರು ಸಮವಯಸ್ಕ ಗೆಳೆಯರನ್ನು ಸಾಕ್ಷಿಗಳಾಗಿ ಮಾಡಿಕೊಂಡು ಅಚ್ಚುಕಟ್ಟಾದ ಉಯಿಲು ಬರೆದಿದ್ದರು. ಮೊದಲು ಒಬ್ಬ ಗೆಳೆಯ ಹೋದರು, ಆಮೇಲೆ ಇನ್ನೊಬ್ಬರು, ಕೊನೆಗೆ ಉಯಿಲು ಬರೆದವರು. ನ್ಯಾಯಾಲಯದಲ್ಲಿ ಉಯಿಲನ್ನು ರುಜುವಾತು ಮಾಡಲು ಒಬ್ಬ ಸಾಕ್ಷಿಯಾದರೂ ಬಂದು ಹೇಳಬೇಕು. ಸಾಕ್ಷಿಗಳು ಬದುಕಿಲ್ಲದಿದ್ದರೆ ಅವರ ಕೈಬರಹ ಬಲ್ಲವರನ್ನು ಹುಡುಕಿ ತರಬೇಕು. ಆ ಹುಡುಕಾಟದಲ್ಲಿ ನಮಗೆ ಒಂದೂವರೆ ವರ್ಷ ಹೋಯಿತು. ಕೊನೆಗೆ ನೆರವಾದದ್ದು ಆ ಗೆಳೆಯರಲ್ಲಿ ಒಬ್ಬರು ಬರೆದಿಟ್ಟ ಹಳೆಯ ಸಹಕಾರ ಸಂಘದ ಲೆಕ್ಕದ ಪುಸ್ತಕ. ಸಾಕ್ಷಿಗಳು ನಿಮಗಿಂತ ಕಿರಿಯರಿರಲಿ, ಉಯಿಲಿನಿಂದ ಲಾಭ ಪಡೆಯುವವರಲ್ಲದಿರಲಿ. ಆರೋಗ್ಯ ಸರಿಯಿಲ್ಲದಾಗ ಬರೆಯುವುದಾದರೆ ಒಬ್ಬರು ನಿಮ್ಮನ್ನು ನೋಡುತ್ತಿರುವ ವೈದ್ಯರೇ ಆಗಿರಲಿ.

ಬಾಡಿಗೆ ಕರಾರು ಯಾವಾಗಲೂ 11 ತಿಂಗಳಿಗೇ ಏಕೆ? ಇನ್ನೊಂದು: ಮನೆ ಖಾಲಿ ಮಾಡಿ ನಾಲ್ಕು ತಿಂಗಳಾಯಿತು, ಸುಣ್ಣಬಣ್ಣದ ಖರ್ಚೆಂದು ಮಾಲೀಕರು ಮುಂಗಡದಲ್ಲಿ 80,000 ರೂಪಾಯಿ ಹಿಡಿದುಕೊಂಡಿದ್ದಾರೆ.
— ಬಾಡಿಗೆದಾರ

ಒಂದು ವರ್ಷ ಮೀರಿದ ಗೇಣಿಯ ಪತ್ರಕ್ಕೆ ನೋಂದಣಿ ಕಡ್ಡಾಯ, ಅದನ್ನು ತಪ್ಪಿಸಲು ಹನ್ನೊಂದು. ಅದರಲ್ಲಿ ಬೇರೆ ರಹಸ್ಯವಿಲ್ಲ.

ಮುಂಗಡದ ವಿಷಯ: ಗೋಡೆಗೆ ಮೊಳೆ ಹೊಡೆದು ಗಾರೆ ಕಿತ್ತಿದ್ದರೆ ನೀವು ಕೊಡಬೇಕು. ವಾಸವಿದ್ದುದರಿಂದ ಸಹಜವಾಗಿ ಮಾಸಿದ ಬಣ್ಣಕ್ಕೆ ನೀವು ಹೊಣೆಯಲ್ಲ, ಆಸ್ತಿ ವರ್ಗಾವಣೆ ಕಾಯ್ದೆಯೇ ಸಹಜ ಸವಕಳಿಯನ್ನು ಬಿಟ್ಟಿದೆ. ಆದರೆ ಕರಾರಿನಲ್ಲಿ "ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆ ಸುಣ್ಣಬಣ್ಣಕ್ಕೆ" ಎಂಬ ಸಾಲಿಗೆ ನೀವೇ ಸಹಿ ಹಾಕಿದ್ದರೆ ಅಷ್ಟನ್ನು ಮರೆತುಬಿಡಿ. ಕೀಲಿ ಕೊಟ್ಟ ದಿನದ ಮೊಬೈಲ್ ಫೋಟೋಗಳು, ಮುಂಗಡ ಸಂದಾಯದ ಬ್ಯಾಂಕ್ ದಾಖಲೆ, ಮಾಲೀಕರ ಸಂದೇಶಗಳನ್ನು ಒಟ್ಟುಗೂಡಿಸಿ ವಕೀಲರ ಮೂಲಕ ನೋಟಿಸ್ ಕಳಿಸಿ. ನನ್ನ ಅನುಭವದಲ್ಲಿ ಇಂಥ ಬಹುತೇಕ ಪ್ರಕರಣಗಳು ನೋಟಿಸಿನಲ್ಲೇ ಮುಗಿಯುತ್ತವೆ, ಏಕೆಂದರೆ ಮಾಲೀಕರೂ ಆ ನೋಟಿಸನ್ನು ಹಿಡಿದುಕೊಂಡು ಇನ್ನೊಬ್ಬ ವಕೀಲರ ಬಳಿ ಹೋಗುತ್ತಾರೆ, ಅವರೂ ಇದನ್ನೇ ಹೇಳುತ್ತಾರೆ.

ಅಪಘಾತ ಪರಿಹಾರದ ಪ್ರಕರಣದಲ್ಲಿ ನಮ್ಮ ವಕೀಲರು ಬಂದ ಹಣದಲ್ಲಿ ಶೇ 25 ತಮಗೆ ಬೇಕೆನ್ನುತ್ತಿದ್ದಾರೆ. ಬೇರೆಯವರ ಬಳಿ ಹೋಗುತ್ತೇವೆ ಎಂದರೆ ಕಡತ ಕೊಡುವುದಿಲ್ಲ. ಗ್ರಾಹಕರ ನ್ಯಾಯಾಲಯಕ್ಕೆ ಹೋಗಬಹುದೇ?
— ಗಾಯಾಳುವಿನ ಪತ್ನಿ

ನನ್ನ ವೃತ್ತಿಯವರ ಮೇಲಿನ ದೂರು. ಉಗುಳು ನುಂಗಿಕೊಂಡು ಬರೆಯುತ್ತೇನೆ.

ಫಲಿತಾಂಶವನ್ನು ನೋಡಿ ಶುಲ್ಕ ನಿಗದಿ ಮಾಡುವುದು, ಬಂದ ಹಣದಲ್ಲಿ ಪಾಲು ಕೇಳುವುದು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳ ಪ್ರಕಾರ ನಿಷಿದ್ಧ. ಶೇ 25 ಆಗಲಿ, ಶೇ 5 ಆಗಲಿ. ಶುಲ್ಕ ಕೇಳುವುದು ತಪ್ಪಲ್ಲ, ಅದನ್ನು ಮೊದಲೇ ಮಾತಾಡಿ ರಸೀದಿ ಕೊಡಬೇಕು. ಶುಲ್ಕ ಬಾಕಿಯಿದೆ ಎಂಬ ಕಾರಣಕ್ಕೆ ಕಕ್ಷಿದಾರರ ಕಡತವನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಬಾಕಿ ಇದ್ದರೆ ಅವರು ಬೇರೆ ದಾರಿಯಲ್ಲಿ ವಸೂಲಿ ಮಾಡಿಕೊಳ್ಳಲಿ.

ಗ್ರಾಹಕರ ಆಯೋಗದ ಬಾಗಿಲು ಮಾತ್ರ ನಿಮಗೆ ಮುಚ್ಚಿದೆ. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಬರುವುದಿಲ್ಲವೆಂದು 2024ರ ಮೇ 14ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. (ನಮ್ಮ ವಕೀಲರ ಸಂಘದಲ್ಲಿ ಅಂದು ಸಂಭ್ರಮವೋ ಸಂಭ್ರಮ. ನನಗೆ ಅಷ್ಟು ಖುಷಿಯಾಗಲಿಲ್ಲ.) ದೂರನ್ನು ರಾಜ್ಯ ವಕೀಲರ ಪರಿಷತ್ತಿಗೆ ಕೊಡಿ. ಅದಕ್ಕೂ ಮುಂಚೆ ಕಡತ ಮರಳಿಸುವಂತೆ ಲಿಖಿತವಾಗಿ ಕೇಳಿ, ಪ್ರತಿ ಇಟ್ಟುಕೊಳ್ಳಿ. ಕೊಡದಿದ್ದರೂ ಪ್ರಕರಣ ನಿಲ್ಲಬೇಕಾಗಿಲ್ಲ: ದೃಢೀಕೃತ ನಕಲುಗಳಿಗೆ ನೀವೇ ನ್ಯಾಯಾಲಯದಲ್ಲಿ ಅರ್ಜಿ ಹಾಕಬಹುದು, ಹೊಸ ವಕೀಲರನ್ನು ನೇಮಿಸಿಕೊಳ್ಳಲು ನ್ಯಾಯಾಧೀಶರ ಅನುಮತಿ ಕೇಳಬಹುದು. ಪ್ರಕರಣಕ್ಕೆ ಹದಿನಾರು ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಅದನ್ನು ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕಿದರೆ ಮುಂದಿನ ವಾಯಿದೆ ಯಾವತ್ತು, ಹಿಂದಿನ ವಾಯಿದೆಯಲ್ಲಿ ಏನಾಯಿತು ಎಂಬುದು ತಿಳಿಯುತ್ತದೆ. "ಜಡ್ಜ್ ರಜೆ" ಎಂದು ನಿಮಗೆ ಹೇಳಿದ ದಿನ ಜಡ್ಜ್ ನಿಜಕ್ಕೂ ರಜೆಯಲ್ಲಿದ್ದರೇ ಎಂಬುದೂ.

ಖಾಲಿ ಹಾಳೆಗಾಗಲಿ, ಖಾಲಿ ಚೆಕ್ಕಿಗಾಗಲಿ, ಬ್ಯಾಂಕಿನ ಖಾಲಿ ಹಣ ಹಿಂಪಡೆಯುವ ಚೀಟಿಗಾಗಲಿ ಸಹಿ ಹಾಕಿ ಯಾರಿಗೂ ಕೊಡಬೇಡಿ. ನನಗೂ.

ನಾನು ಮನೆಗೆಲಸ ಮಾಡುತ್ತೇನೆ. ಗಂಡನಿಂದ ಜೀವನಾಂಶ ಕೇಳಬೇಕು. ಸರ್ಕಾರ ಪುಕ್ಕಟೆ ವಕೀಲರನ್ನು ಕೊಡುತ್ತದಂತೆ, ಆದರೆ ಪುಕ್ಕಟೆಯವರು ಸರಿಯಾಗಿ ನಡೆಸುವುದಿಲ್ಲವಂತೆ. ನಿಜವೇ?
— ಪತ್ರ ಬರೆದುಕೊಟ್ಟವರು ಮಗಳು

ಮೊದಲರ್ಧ ನಿಜ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1987ರದ್ದು. ಅದರ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಬಂಧನದಲ್ಲಿರುವವರು ಎಷ್ಟೇ ಆದಾಯವಿದ್ದರೂ ಉಚಿತ ವಕೀಲರಿಗೆ ಅರ್ಹರು. ಉಳಿದವರಿಗೆ ಕರ್ನಾಟಕದಲ್ಲಿ ವಾರ್ಷಿಕ ಆದಾಯದ ಮಿತಿ 3 ಲಕ್ಷ ರೂಪಾಯಿ. ವಕೀಲರ ಶುಲ್ಕವಷ್ಟೇ ಅಲ್ಲ, ಕೋರ್ಟ್ ಶುಲ್ಕವನ್ನೂ ಅವರೇ ಭರಿಸುತ್ತಾರೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಸಮಿತಿಯ ಕಚೇರಿ ಇರುತ್ತದೆ. ಹೋಗಲಾಗದಿದ್ದರೆ 15100ಕ್ಕೆ ಕರೆ ಮಾಡಿ.

ಇನ್ನರ್ಧ ಅರ್ಧ ನಿಜ. ನಾನು ವೃತ್ತಿಗೆ ಬಂದ ಹೊಸದರಲ್ಲಿ ಆ ಪಟ್ಟಿಯಲ್ಲಿದ್ದೆ. ಬಿಲ್ಲು ಬರುವುದು ತಡ, ಬರುವುದೂ ಕಡಿಮೆ. ಹಾಗೆಂದು ಕೆಲಸ ಕಡಿಮೆ ಮಾಡಿದವರನ್ನೂ ಕಂಡಿದ್ದೇನೆ, ಹಣ ಕೊಟ್ಟವರಿಗಿಂತ ಹೆಚ್ಚು ಮುತುವರ್ಜಿಯಿಂದ ನಡೆಸಿದವರನ್ನೂ ಕಂಡಿದ್ದೇನೆ. ನಿಮಗೆ ಕೊಟ್ಟವರು ವಾಯಿದೆಗೆ ಬರುತ್ತಿಲ್ಲವೆಂದರೆ ಸಮಿತಿಗೆ ಬರೆದು ವಕೀಲರನ್ನು ಬದಲಾಯಿಸಿಕೊಳ್ಳಿ. ಪುಕ್ಕಟೆ ಎಂಬ ಸಂಕೋಚ ಬೇಡ, ಅದು ನಿಮ್ಮ ಹಕ್ಕು.

ಲೋಕ ಅದಾಲತ್ತಿನಲ್ಲಿ ರಾಜಿಗೆ ಕೂರಿಸಿದರೆ ಒಂದು ಎಚ್ಚರ. ಅಲ್ಲಿ ಒಪ್ಪಿಕೊಂಡದ್ದರ ಮೇಲೆ ಮೇಲ್ಮನವಿ ಇಲ್ಲ. ತಿಂಗಳಿಗೆ ಎಷ್ಟು, ಯಾವ ತಾರೀಖಿಗೆ, ಯಾವ ಬ್ಯಾಂಕ್ ಖಾತೆಗೆ ಎಂಬುದನ್ನು ಬರೆಸಿ, ಮಗಳಿಂದ ಓದಿಸಿಕೊಂಡು, ಆಮೇಲೆ ಸಹಿ.

ವಕೀಲರನ್ನು ಮೊದಲ ಸಲ ಕಾಣಲು ಹೋಗುವಾಗ ಏನೇನು ಒಯ್ಯಬೇಕು?
— ಗಡಿಬಿಡಿಯವರು

ಇರುವುದನ್ನೆಲ್ಲ. ಯಾವುದು ಮುಖ್ಯ, ಯಾವುದು ಕಸ ಎಂದು ಮನೆಯಲ್ಲೇ ಆರಿಸಿಕೊಂಡು ಬರುವ ಕಕ್ಷಿದಾರರೆಂದರೆ ನನಗೆ ಹೆದರಿಕೆ. ಅವರು ಕಸವೆಂದು ಬಿಟ್ಟು ಬಂದದ್ದರಲ್ಲೇ ಪ್ರಕರಣ ಇರುತ್ತದೆ.

ಈ ಉತ್ತರ ಬರೆಯುತ್ತಿರುವ ಹೊತ್ತಿಗೆ ಬೆಂಚಿನ ಮೇಲೆ ಒಬ್ಬ ಅಜ್ಜಿ ಕೂತಿದ್ದಾರೆ. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ ತಂದಿದ್ದಾರೆ. ಮನೆಯ ಪಕ್ಕದ ಎರಡಡಿ ಜಾಗ ತಮ್ಮದೇ ಎಂದು ನೆರೆಯವರು ಹೇಳುತ್ತಾರಂತೆ, ಅದಕ್ಕೊಂದು ಬುದ್ಧಿ ಹೇಳಿ ಎಂದರು. ಚೀಲವನ್ನು ಮೇಜಿನ ಮೇಲೆ ಸುರಿದೆವು: ಕರೆಂಟ್ ಬಿಲ್ಲುಗಳು, ಕಂದಾಯದ ರಸೀದಿಗಳು, ಮೊಮ್ಮಗನ ಅಂಕಪಟ್ಟಿ, ನಾಲ್ಕು ಮಡಿಕೆಯಲ್ಲಿ ಸೀಳಿಹೋಗಿ ಅಂಟಿನ ಪಟ್ಟಿಯಲ್ಲಿ ನಿಂತಿರುವ ಕ್ರಯಪತ್ರ. ಕ್ರಯಪತ್ರದ ಚೆಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರದಲ್ಲಿ, ಉತ್ತರಕ್ಕೆ ಓಣಿ ಎಂದಿದೆ, ಅಳತೆಯೂ ಇದೆ. ನನಗೆ ಸಮಾಧಾನವಾಗುತ್ತಿತ್ತು. ಅಷ್ಟರಲ್ಲಿ ಬಿಲ್ಲುಗಳ ನಡುವಿನಿಂದ ಒಂದು ಕಂದು ಲಕೋಟೆ ಜಾರಿತು. ತೆರೆದಿಲ್ಲ. ಮೇಲೆ ನ್ಯಾಯಾಲಯದ ಮುದ್ರೆ.

"ಕೋರ್ಟಿನದು ಅಂದರು, ತೆರೆದರೆ ಒಪ್ಪಿಕೊಂಡ ಹಾಗಾಗುತ್ತದೆ ಎಂದು ಹಾಗೇ ಇಟ್ಟೆ" ಎಂದರು ಅಜ್ಜಿ.

ಸಮನ್ಸ್ ತೆರೆಯದಿದ್ದರೂ ಕೈಗೆ ಬಂದರೆ ತಲುಪಿದಂತೆಯೇ. ಬೇಡವೆಂದು ಹಿಂದೆ ಕಳಿಸಿದರೂ ತಲುಪಿದಂತೆಯೇ. ತಲುಪಿದ ದಿನದಿಂದ 30 ದಿನದೊಳಗೆ ಲಿಖಿತ ಉತ್ತರ ಸಲ್ಲಿಸಬೇಕು; ಕಾರಣ ಕೊಟ್ಟು ಕೇಳಿಕೊಂಡರೆ ಸಾಮಾನ್ಯವಾಗಿ 90 ದಿನದವರೆಗೆ. ಅದೂ ಮೀರಿ ಏಕಪಕ್ಷೀಯವಾಗಿ ಡಿಕ್ರಿ ಆಗಿಹೋಗಿದ್ದರೆ ಅದನ್ನು ರದ್ದುಪಡಿಸಲು ಡಿಕ್ರಿಯಾದ 30 ದಿನದೊಳಗೆ ಅರ್ಜಿ ಹಾಕಬೇಕು. ಹಾಗಾಗಿ ಈಗ ಎಲ್ಲವೂ ಈ ಲಕೋಟೆ ಎಂದು ಬಂತು ಎಂಬುದರ ಮೇಲೆ ನಿಂತಿದೆ. ಅಜ್ಜಿಗೆ ನೆನಪಿಲ್ಲ, "ಮಳೆ ಹಿಡಿದಿತ್ತು" ಎನ್ನುತ್ತಾರೆ. ಅಂಚೆಯ ಮುದ್ರೆ ಅರ್ಧ ಅಳಿಸಿದೆ. ಗುಮಾಸ್ತರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿಂಗಳು ಏಳೋ ಎಂಟೋ ಎಂದು ನೋಡುತ್ತಿದ್ದಾರೆ.